ಮುಗಿಲಮಲ್ಲನ ಕೊನೆಯ ಎಂಟು ಪುಟ

ಪಂಢರಿನಾಥನ ಎದುರು ಕುಳಿತು ಮಾತನಾಡುವುದು ಹೊಸಬರಿಗೆ ಕಷ್ಟವಾಗುತ್ತಿತ್ತು. ಮಾತನಾಡುವವರ ಮುಖವನ್ನು ಅವನು ನೋಡುತ್ತಿರಲಿಲ್ಲ. ಅವರ ನೆತ್ತಿಯಿಂದ ಒಂದು ಗೇಣು ಮೇಲೆ, ಏನೂ ಇಲ್ಲದ ಗಾಳಿಯನ್ನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ. ಗೋಡೆಯ ಮೇಲೆ ಹಲ್ಲಿಯಿದೆಯೇನೋ ಎಂದು ಹಿಂದೆ ತಿರುಗಿದವರಿದ್ದರು, ಕೂದಲು ಕೆದರಿದೆಯೇನೋ ಎಂದು ತಲೆ ಸವರಿಕೊಂಡವರಿದ್ದರು. ಅವನು ಮಾತಿನ ಗಾತ್ರವನ್ನು ಅಳೆಯುತ್ತಿದ್ದಾನೆಂದು ನನಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಕಾಮಿಕ್ಸ್ ಪುಸ್ತಕಗಳಲ್ಲಿ ಪಾತ್ರಗಳ ತಲೆಯ ಮೇಲೆ ಬಿಳಿಯ ಗುಳ್ಳೆಯೊಂದು ತೇಲುತ್ತದಲ್ಲ, ಅವರ ಮಾತನ್ನು ಹೊತ್ತುಕೊಂಡು, ಅದಕ್ಕೆ ಅವನು ಬಲೂನು ಎನ್ನುತ್ತಿದ್ದ. ಆ ಬಲೂನು ಅವನಿಗೆ ನಮ್ಮೆಲ್ಲರ ತಲೆಯ ಮೇಲೂ ಕಾಣುತ್ತಿತ್ತು.

“ಮಾಸ್ತರ್ರ, ನಿಮ್ಮ ಮಾತು ಭಾಳ ಉದ್ದ ಆತ್ರಿ,” ಎಂದು ಒಮ್ಮೆ ನನ್ನನ್ನು ನಡುವೆಯೇ ತಡೆದ. “ಇಷ್ಟೂ ಬರದ್ರ ನಿಮ್ಮ ಮಾರಿ ಬರಿಯಾಕ ಜಾಗಾನ ಉಳಿಯೂದಿಲ್ಲ.”

ಅವನು ಗದಗಿನ ಕಡೆಯವನು. ಎಪ್ಪತ್ತೊಂದರಲ್ಲಿ ಮದರಾಸಿಗೆ ಬಂದು, ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕನ್ನಡ ಚಿತ್ರಗಳಿಗೆ ಟೈಟಲ್ ಕಾರ್ಡು ಬರೆಯುವ ಕೆಲಸಕ್ಕೆ ಸೇರಿದ. ವಡಪಳನಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಳಿಗೆಯಲ್ಲೇ ಅವನ ಸಂಸಾರ. ನಾನು ಕನ್ನಡ ಮೇಷ್ಟ್ರಾದ್ದರಿಂದ, ನೂರಾರು ಹೆಸರುಗಳ ಪಟ್ಟಿಯಲ್ಲಿ ಒತ್ತಕ್ಷರ ತಪ್ಪಿದೆಯೇ ಎಂದು ತೋರಿಸಲು ಇಳಿದು ಬರುತ್ತಿದ್ದ. ಹಾಗೆ ಬೆಳೆದ ಸ್ನೇಹ. ಅಂಗಿಯ ಎಡತೋಳಿಗೆ ಗುಂಡಿ ಹಾಕಿ ಬಲತೋಳನ್ನು ಮೊಣಕೈಯವರೆಗೆ ಮಡಿಸಿರುತ್ತಿದ್ದ. ಮಸಿ ತಾಗೀತೆಂಬ ಆ ಎಚ್ಚರ ಮದುವೆಮನೆಯ ಊಟದ ಪಂಕ್ತಿಯಲ್ಲೂ ಬಿಡುತ್ತಿರಲಿಲ್ಲ. ಅವನ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಕಳಪೆಯಾಗಿ ಬರೆದ ಬೋರ್ಡು ಕಂಡರೆ, ದಾರಿಯಲ್ಲಿ ಬಿದ್ದ ಮನುಷ್ಯನನ್ನು ಕಂಡವನ ಹಾಗೆ ನಿಂತುಬಿಡುತ್ತಿದ್ದ. ಅಕ್ಷರ ಕನ್ನಡದ್ದಾದರೇನು, ತಮಿಳಿನದಾದರೇನು, ಮರುಕ ಒಂದೇ. “ಪಾಪ, ಇದಕ್ಕ ಸೊಂಟಾನ ಇಲ್ಲ ನೋಡ್ರಿ,” ಎನ್ನುವನು.

ಎಪ್ಪತ್ತಾರರಲ್ಲಿ ಅವನು ತನ್ನದೇ ಒಂದು ಪುಸ್ತಕಕ್ಕೆ ಕೈ ಹಾಕಿದ. ಯಾವ ಪತ್ರಿಕೆಯೂ ಕೇಳಿರಲಿಲ್ಲ, ಯಾವ ಪ್ರಕಾಶಕನೂ ಹೇಳಿರಲಿಲ್ಲ. ಅರವತ್ತನಾಲ್ಕು ಪುಟದ ಬಣ್ಣದ ಕಾಮಿಕ್ಸ್, ಹೆಸರು ‘ಮುಗಿಲಮಲ್ಲ’. ಕಥಾನಾಯಕ ಭೋಜರಾಜ ವಿಮಾ ಕಚೇರಿಯ ಗುಮಾಸ್ತ; ಗುಟ್ಟಾಗಿ ಅವನೇ ಮುಗಿಲಮಲ್ಲ. ಅವನಿಗೆ ಹಾರಲು ಬರುತ್ತದೆ, ಓಡುವ ರೈಲನ್ನು ಒಂದು ಕೈಯಲ್ಲಿ ತಡೆಯಲು ಬರುತ್ತದೆ, ಊರಿನ ಯಾವ ಮೂಲೆಯಲ್ಲಿ ಯಾರು ಕೂಗಿಕೊಂಡರೂ ಕೇಳಿಸುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನ ಅಂಬುಜಾ ಎಂಬುವಳನ್ನು ಅವನು ಪ್ರೀತಿಸುತ್ತಾನೆ. ಆದರೆ ಹೋಟೆಲಿನಲ್ಲಿ ಅವಳೆದುರು ಕುಳಿತು ಮಾತು ಆರಂಭಿಸಿದನೋ ಇಲ್ಲವೋ, ಎಲ್ಲೋ ಯಾರೋ ‘ಅಯ್ಯೋ’ ಎನ್ನುತ್ತಾರೆ. ಇವನು ಏನೋ ಒಂದು ನೆಪ ಹೇಳಿ ಎದ್ದು ಓಡುತ್ತಾನೆ, ಹಿತ್ತಲಿನಿಂದ ಹಾರುತ್ತಾನೆ. ಕಾಫಿ ಆರುತ್ತದೆ. ಗುಟ್ಟು ಅವಳಿಗೆ ಗೊತ್ತಾದ ಮೇಲೂ ನೆಪಗಳು ನಿಲ್ಲುವುದಿಲ್ಲ. ಇಡೀ ಊರಿನ ಗೋಳು ಕೇಳುವ ಕಿವಿಗೆ ಎದುರಿಗಿದ್ದವಳ ಮಾತು ಎಂದೂ ಪೂರ್ತಿ ಕೇಳುವುದಿಲ್ಲ. ನಗುವಿನ ಕಥೆಯೇ, ನಾನು ಅನೇಕ ಪುಟಗಳಿಗೆ ಗಟ್ಟಿಯಾಗಿ ನಕ್ಕಿದ್ದೇನೆ.

ಪಂಢರಿನಾಥ ಕೆಲಸ ಮಾಡುವ ಕ್ರಮ ಮಾತ್ರ ಬೇರೆ ಯಾರಲ್ಲೂ ಇದ್ದಂತಿಲ್ಲ. ಉಳಿದವರು ಮನುಷ್ಯರನ್ನು ಬರೆದು, ಮಿಕ್ಕ ಜಾಗದಲ್ಲಿ ಮಾತು ತುರುಕುತ್ತಾರೆ. ಅಕ್ಷರದಿಂದ ಅನ್ನ ತಿಂದ ಇವನು ಮೊದಲು ಮಾತನ್ನು ಬರೆಯುತ್ತಿದ್ದ. ಬಿಳಿಯ ಹಾಳೆಯ ಮೇಲೆ ಎರಡನೇ ನಂಬರಿನ ಬ್ರಷ್ಷಿನಿಂದ ಒಂದೊಂದೇ ಅಕ್ಷರ, ಅದರ ಸುತ್ತ ಬಲೂನು. ಆ ಬಲೂನುಗಳು ಬಿಟ್ಟುಕೊಟ್ಟ ಜಾಗದಲ್ಲಿ ಆಮೇಲೆ ಮನುಷ್ಯರು, ಬೀದಿ, ಮುಗಿಲು. ಹೀಗಾಗಿ ಒಂದು ಮಾತು ಬದಲಾದರೆ ಪುಟವೇ ವ್ಯರ್ಥ; ಮತ್ತೆ ಮೊದಲಿನಿಂದ ಬರೆಯಬೇಕು. ವರ್ಷಕ್ಕೆ ಎಂಟೋ ಹತ್ತೋ ಪುಟ ಮುಗಿದರೆ ಅದೇ ಹೆಚ್ಚು. ಬೆನ್ನು ಬಾಗಿತು, ಕನ್ನಡಕ ಬಂತು, ಅದು ಎರಡು ಸಲ ದಪ್ಪವೂ ಆಯಿತು.

ನಾವು ಸಂಜೆ ಕಾಫಿ ಕುಡಿಯುತ್ತಿದ್ದ ಹೋಟೆಲಿನ ಗಲ್ಲಾದಲ್ಲಿ ಕುಂದಾಪುರದ ಕಡೆಯ ಐತಪ್ಪ ಕೂರುತ್ತಿದ್ದರು. ಕಥೆಯೆಲ್ಲ ಅವರಿಗೂ ಗೊತ್ತು.

“ಎಂತ ಮಾರಾಯ್ರೆ, ನಿಮ್ಮ ಮಲ್ಲ ಇವತ್ತಾದ್ರೂ ಕಾಫಿ ಕುಡಿದನಾ? ಎರಡು ವರ್ಷದಿಂದ ತಣ್ಣಗಾಗ್ತಾ ಉಂಟು!”

“ಕುಡೀತಾನ್ರಿ, ಐವತ್ತನೇ ಪುಟದಾಗ.”

“ಅಷ್ಟರೊಳಗೆ ಹಾಲು ಒಡೀತದೆ. ಆ ಹುಡುಗಿಗೆ ಒಂದು ದೋಸೆಯಾದ್ರೂ ಕೊಡಿಸಿ, ಪುಣ್ಯ ಬರ್ತದೆ.”

ಪಂಢರಿನಾಥ ನಗುತ್ತಿದ್ದ, ಜೇಬಿನಿಂದ ಹಾಳೆ ತೆಗೆದು, ದೋಸೆಗೆ ಜಾಗವಿದೆಯೇ ಎಂದು ನೋಡುತ್ತಿದ್ದ.

ಅವನ ಹೆಂಡತಿ ಸುಗುಣಾ ಮದರಾಸಿನಲ್ಲೇ ಹುಟ್ಟಿ ಬೆಳೆದ ಮೈಸೂರು ಕಡೆಯ ಮನೆತನದವಳು, ತಾನೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ದಿನವಿಡೀ ಊರವರ ಮಾತಿಗೆ ದಾರಿ ಮಾಡಿಕೊಟ್ಟು, ಎರಡು ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ಆಕೆಗೆ ಬಾಯಿ ತೆರೆಯಲೂ ದಣಿವು. ಆದರೂ ಒಲೆಯ ಮುಂದೆ ಗೊಣಗಿದ ಒಂದೊಂದು ಮಾತಿಗೆ ಸೂಜಿಯ ಮೊನೆಯಿರುತ್ತಿತ್ತು. ಎಂಬತ್ಮೂರರ ಬೇಸಗೆಯಲ್ಲಿ ಮದರಾಸಿನ ನಲ್ಲಿಗಳೆಲ್ಲ ಒಣಗಿ, ಬೀದಿಗೆ ಬರುವ ನೀರಿನ ಲಾರಿಯೇ ಗತಿಯಾಗಿದ್ದಾಗ, ಎರಡು ಪ್ಲಾಸ್ಟಿಕ್ ಕೊಡ ಹಿಡಿದು ಮೆಟ್ಟಿಲಿಳಿಯುತ್ತ ಆಕೆ ಗಂಡನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು: “ಊರವರ ಕೂಗೆಲ್ಲ ಕೇಳ್ಸತ್ತೆ ನಿಮ್ಮ ಮಲ್ಲಂಗೆ. ತಣ್ಣಿ ಲಾರಿ ಹಾರ್ನ್ ಮಾತ್ರ ಕೇಳ್ಸಲ್ವಾ?”

ಒಂದು ವಾರದ ನಂತರ ಆ ಮಾತು ಅಂಬುಜಾಳ ಬಲೂನಿನಲ್ಲಿತ್ತು. ನಾನು ಅಭ್ಯಾಸಬಲದಿಂದ ಅದನ್ನು ಶಿಷ್ಟ ಕನ್ನಡಕ್ಕೆ ತಿದ್ದಿಕೊಟ್ಟೆ. ಅವನು ತಲೆಯಾಡಿಸಿದ. “ಬ್ಯಾಡ್ರಿ ಮಾಸ್ತರ್ರ. ದಣದಾಕಿ ಹಿಂಗ ಮಾತಾಡೂದಿಲ್ಲ.” ಹಾಗೆ ನೋಡಿದರೆ ಅಂಬುಜಾ ಆಡುವ ಮಾತೆಲ್ಲ ಸುಗುಣಾ ಆಡಿದ್ದೇ. ಆಕೆ ಮಾತ್ರ ಒಂದು ಪುಟವನ್ನೂ ನೋಡಿರಲಿಲ್ಲ. ಬಿಡುವಿರಲಿಲ್ಲ, ಇವನಿಗೂ ತೋರಿಸುವ ಧೈರ್ಯವಿರಲಿಲ್ಲ. ಆದರೆ ಒಂದು ಹಟವಿತ್ತು: “ಆಕಿ ಓದಿ ಹೂಂ ಅನ್ನೂತನಕ ಅಚ್ಚಿಗೆ ಕೊಡೂದಿಲ್ರಿ. ಆಕೀ ಮಾತು ಅವು.”

ಈ ನಡುವೆ ಕನ್ನಡ ಚಿತ್ರಗಳ ಕೆಲಸ ಒಂದೊಂದಾಗಿ ಬೆಂಗಳೂರಿಗೆ ಹೊರಟಿತ್ತು. ಅವನ ಪರಿಚಯದ ನಿರ್ಮಾಪಕರು ಕರೆದರು, ಮತ್ತೆ ಕರೆದರು. ಅವನು ಹೋಗಲಿಲ್ಲ. “ಮನಿಯಾಕೀದು ನೌಕರಿ ಇಲ್ಲೈತ್ರಿ. ಆಕಿ ಸಲುವಾಗಿ ಬಿಟ್ಟೆ,” ಎಂದು ಹೇಳಿ ಒಂದು ನಿಟ್ಟುಸಿರು ಬಿಡುತ್ತಿದ್ದ. ನನಗೆ ಹೇಳಿದ, ಐತಪ್ಪನವರಿಗೆ ಹೇಳಿದ, ನನ್ನ ಮನೆಗೆ ಬಂದ ಬೀಗರಿಗೂ ಹೇಳಿದ. ಏಳು ವರ್ಷ ಹೇಳಿದ. ಸ್ಟುಡಿಯೋದಲ್ಲಿ ತಿಂಗಳಿಗೊಂದು ಕಾರ್ಡಿನ ಕೆಲಸವೂ ಇಲ್ಲದಾದಾಗ ಆ ನಿಟ್ಟುಸಿರು ಇನ್ನಷ್ಟು ಉದ್ದವಾಯಿತು.

ಎಂಬತ್ಮೂರರ ಆಗಸ್ಟಿನಲ್ಲಿ ಪುಸ್ತಕ ಮುಗಿಯಿತು. ಶಿವಕಾಶಿಯ ಒಂದು ಮುದ್ರಣಾಲಯ ಮುಂದಿನ ಬುಧವಾರ ಹಾಳೆ ತಂದರೆ ಮಾಡಿಕೊಡುತ್ತೇವೆ ಎಂದಿತ್ತು. ತಪ್ಪಿದರೆ ಕ್ಯಾಲೆಂಡರುಗಳ ಸುಗ್ಗಿ, ಪೊಂಗಲ್ ಕಳೆಯುವವರೆಗೆ ಯಂತ್ರ ಸಿಗದು. ಎಗ್ಮೋರಿನಿಂದ ಹೊರಡುವ ರೈಲಿಗೆ ಟಿಕೆಟ್ಟಾಗಿತ್ತು. ಅಲ್ಲಿನ ಕೆಲಸಗಾರರಿಗೆ ಕನ್ನಡ ಓದಲು ಬಾರದ್ದರಿಂದ, ಬರಿಯ ಚಿತ್ರಗಳನ್ನು ನಂಬದೆ, ತಲೆಕೆಳಗಾಗಿ ಅಂಟಿಸದಿರಲೆಂದು ಪ್ರತಿ ಪುಟದ ನೆತ್ತಿಗೂ ಒಂದು ಪುಟ್ಟ ಕಾಗೆಯನ್ನು ಬರೆದಿದ್ದ. ಉಳಿದಿದ್ದು ಸುಗುಣಾಳ ಒಂದು ‘ಹೂಂ’. ಭಾನುವಾರ ನನ್ನನ್ನೂ ಮೇಲಕ್ಕೆ ಕರೆದ, ಸಾಕ್ಷಿಗೋ, ಬೆಂಬಲಕ್ಕೋ.

ಆಕೆ ಹುರುಳಿಕಾಯಿಯ ತಟ್ಟೆಯನ್ನು ಬದಿಗಿಟ್ಟು, ಸೆರಗಿಗೆ ಕೈಯೊರೆಸಿ, ನೆಲದ ಮೇಲೆ ಕುಳಿತು ಓದಿದಳು. ಇಪ್ಪತ್ತನೇ ಪುಟದ ಸುಮಾರಿಗೆ ಬೆರಳಿಟ್ಟಳು.

“ಇದು ನಾನು ಹೇಳಿದ್ದು.”

“ಹೌದು.”

“ಇದೂ ನಾನೇ ಹೇಳಿದ್ದು. ಇದೂನೂ! ಏನ್ರೀ ಇದು, ಒಗ್ಗರಣೆ ಹಾಕ್ತಾ ಗೊಣಗಿದ್ದೆಲ್ಲ ಬರ್ಕೊಂಡಿದೀರಾ?”

ಐವತ್ತು ದಾಟಿದ ಮೇಲೆ ಒಂದು ಪುಟದಲ್ಲಿ ಮಲ್ಲನು ನೀರಿನ ಲಾರಿಯನ್ನೇ ಆಕಾಶಮಾರ್ಗವಾಗಿ ಹೊತ್ತು ತಂದು, ಇಳಿಸುವಾಗ ನೀರನ್ನೆಲ್ಲ ಬೀದಿಗೆ ಚೆಲ್ಲುತ್ತಾನೆ. ಸುಗುಣಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಮನೆಯಲ್ಲಿ ಆಕೆ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಗೆದ್ದೆವು ಎಂದುಕೊಂಡೆ.

ಕೊನೆಯ ಎಂಟು ಪುಟಗಳಲ್ಲಿ ಮುಗಿಲಮಲ್ಲ ಅಂಬುಜಾಳಿಗಾಗಿ ತನ್ನ ಶಕ್ತಿಯನ್ನೆಲ್ಲ ಮರೀನಾದ ಸಮುದ್ರಕ್ಕೆ ಎಸೆದು, ಸಾಮಾನ್ಯ ಮನುಷ್ಯನಾಗಿ ಅವಳ ಕೈ ಹಿಡಿಯುತ್ತಾನೆ. ಅಲ್ಲಿಗೆ ಬಂದಾಗ ಆಕೆಯ ಮುಖದಲ್ಲಿ ನಗು ಆರಿತು.

“ಇವನ್ಯಾಕೆ ಹಾರೋದು ಬಿಟ್ಟ?”

“ಆಕಿ ಸಲುವಾಗಿ.”

“ಅವಳು ಕೇಳಿದ್ಲಾ?”

“ಕೇಳೂದೇನೈತಿ? ಪ್ರೀತಿ ಅಂದ್ರ ಅಷ್ಟು ತಿಳೀಬೇಕಲ್ಲ.”

“ಎಲ್ಲಿ, ತೋರ್ಸಿ. ಯಾವ ಪುಟದಲ್ಲಿ ಕೇಳಿದಾಳೆ?” ಆಕೆ ಹಾಳೆಗಳನ್ನು ಹಿಂದಕ್ಕೆ ತಿರುವಿದಳು, ನಿಜಕ್ಕೂ ಹುಡುಕುತ್ತಿದ್ದಳು. “ಕಾಫಿ ಆರೋಗತ್ತೆ ಅಂದ್ಲು. ಹೊತ್ತಿಗೆ ಸರಿಯಾಗಿ ಬಾ ಅಂದ್ಲು. ನೀರು ತಾ ಅಂದ್ಲು. ಹಾರೋದು ಬಿಡು ಅಂತ ಎಲ್ಲೂ ಹೇಳ್ಲಿಲ್ವಲ್ಲ.”

ಆಕೆ ನನ್ನ ಕಡೆ ತಿರುಗಿದಳು.

“ಮದುವೆ ಆದ್ಮೇಲೆ ಏನಾಗತ್ತೆ ಗೊತ್ತಾ ಮೇಷ್ಟ್ರೇ? ಸಾರಿಗೆ ಉಪ್ಪು ಕಮ್ಮಿಯಾದ್ರೆ, ‘ನಿನಗೋಸ್ಕರ ಹಾರೋದು ಬಿಟ್ಟೆ’ ಅಂತಾನೆ. ಕರೆಂಟ್ ಹೋಗಿ ಫ್ಯಾನ್ ನಿಂತ್ರೆ, ಅದೇ ಮಾತು. ಯಾರಾದ್ರೂ ಮನೆಗೆ ಬಂದ್ರೆ ಅವರ ಮುಂದೆ ಒಂದು ಉಸಿರು ಬಿಟ್ಟು, ಅದೇ ಮಾತು. ಇವಳು ಸಾಯೋವರೆಗೂ ಕೇಳ್ಕೊಂಡು ಇರ್ಬೇಕು. ಬೇಡವೇ ಬೇಡ.”

ಬೆಂಗಳೂರಿನ ಹೆಸರನ್ನು ಆಕೆ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಹಾಳೆಗಳನ್ನು ಅಂಚು ಸರಿಮಾಡಿ ಗಂಡನ ಕೈಗಿಟ್ಟು, ಹುರುಳಿಕಾಯಿಯ ತಟ್ಟೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

ಮೂರು ದಿನ ಅವನು ಕೆಳಗಿಳಿಯಲಿಲ್ಲ. ಬುಧವಾರದ ಸಂಜೆ, ಶಿವಕಾಶಿಯಲ್ಲಿ ಇರಬೇಕಾಗಿದ್ದ ಹೊತ್ತಿಗೆ, ನಮ್ಮ ಜಗಲಿಗೆ ಬಂದು ಕುಳಿತ.

“ಮಾಸ್ತರ್ರ, ನಾ ಕೇಳಲೇ ಇಲ್ರಿ.”

“ಯಾರನ್ನು?” ಎಂದೆ, ಗೊತ್ತಿದ್ದೂ.

“ಇಬ್ಬರನ್ನೂ.”

ಅಂದಿನಿಂದ ಆ ಎಂಟು ಪುಟಗಳನ್ನು ಮತ್ತೆ ಬರೆಯತೊಡಗಿದ. ಅಲ್ಲೊಂದು ಇಲ್ಲೊಂದು ಮಾತು ತಿದ್ದಿ ಕಳಿಸಪ್ಪಾ ಎಂದು ನಾನೂ ಒಮ್ಮೆ ಹೇಳಿ ನೋಡಿದೆ. ಅವನ ಕ್ರಮದಲ್ಲಿ ಅದು ಆಗದ ಕೆಲಸ. ದೀಪಾವಳಿ ಹೋಯಿತು, ಪೊಂಗಲ್ ಹೋಯಿತು. ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಸುಗುಣಾ ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ, “ನಾ ಬೆಂಗಳೂರಿಗೆ ಹೋಗ್ಲೇನು?” ಎಂದು ಕೇಳಿದನಂತೆ. ಆಕೆಯೇ ನನಗೆ ಹೇಳಿದಳು. “‘ಹೋಗಿ, ಶನಿವಾರ ಶನಿವಾರ ಬನ್ನಿ’ ಅಂದೆ ಮೇಷ್ಟ್ರೇ. ಅಷ್ಟೇ. ಇದನ್ನ ಕೇಳೋದಕ್ಕೆ ಏಳು ವರ್ಷ ಬೇಕಿತ್ತಾ?”

ಹೊಸ ಕೊನೆಯಲ್ಲಿ ಮುಗಿಲಮಲ್ಲ ಅಂಬುಜಾಳನ್ನು ಕೇಳುತ್ತಾನೆ: ಹಾರುವುದನ್ನು ಬಿಡಲೇ? ಅವಳು, ಬಿಡಬೇಡ, ಆದರೆ ಹೇಳಿ ಹೋಗು ಎನ್ನುತ್ತಾಳೆ. ಅಷ್ಟರಲ್ಲಿ ಯಾರೋ ಕೂಗುತ್ತಾರೆ. ಅವನು ಹೇಳಿಯೇ ಹೋಗುತ್ತಾನೆ. ಅವಳು ತನ್ನ ಕಾಫಿ ಮುಗಿಸಿ, ಆರುವ ಮೊದಲು ಅವನದನ್ನೂ ಕುಡಿಯುತ್ತಾಳೆ. ಸುಗುಣಾ ಆ ಪುಟಗಳನ್ನು ನಿಂತೇ ಓದಿ ‘ಹೂಂ’ ಎಂದಳು.

ಎಂಬತ್ನಾಲ್ಕರ ಬೇಸಗೆಯಲ್ಲಿ ಪುಸ್ತಕ ಅಚ್ಚಾಗಿ ಬಂತು. ಐತಪ್ಪ ಗಲ್ಲಾದ ಬಳಿ ಹತ್ತು ಪ್ರತಿ ಇಟ್ಟುಕೊಂಡು ಊಟಕ್ಕೆ ಬಂದವರಿಗೆಲ್ಲ ತೋರಿಸಿದರು. ನಮ್ಮ ಶಾಲೆಯ ಮಕ್ಕಳು ನಕ್ಕರು, ನಕ್ಕು ತಮಿಳಿನಲ್ಲಿ ಕಥೆ ಹೇಳಿಕೊಂಡರು. ಹೆಚ್ಚಿನ ಕಟ್ಟುಗಳು ಮಾಳಿಗೆಯಲ್ಲೇ ಉಳಿದವು. ಬೆಂಗಳೂರಿಗೂ ಹೋದ; ಅದು ಅವನು ಏಳು ವರ್ಷ ನೆನೆದಷ್ಟು ದೊಡ್ಡದಾಗಿರಲಿಲ್ಲ. ಸಣ್ಣ ಚಿತ್ರಗಳು, ಒಂದು ಇಕ್ಕಟ್ಟಾದ ಕೋಣೆ, ಅವಸರದ ಅಕ್ಷರ. ಶನಿವಾರ ಮದರಾಸ್ ಸೆಂಟ್ರಲ್‌ನಲ್ಲಿ ಇಳಿದು ಬಂದು ಅರ್ಧ ಭಾನುವಾರ ನಿದ್ದೆಯಲ್ಲೇ ಕಳೆಯುತ್ತಿದ್ದ. ದಣಿದಿದ್ದ, ನಿಜ. ಆದರೆ ಅವನು ಯಾರ ಸಲುವಾಗಿ ಏನು ಬಿಟ್ಟನೆಂಬ ಮಾತನ್ನು ಆಮೇಲೆ ನಾನು ಕೇಳಲಿಲ್ಲ.

ಇಂಥವರನ್ನು ನನ್ನ ಆಯುಷ್ಯದಲ್ಲಿ ಇನ್ನೂ ಕೆಲವರನ್ನು ಕಂಡಿದ್ದೇನೆ. ಒಬ್ಬರು ನಾಟಕ ಬರೆದರು, ಒಬ್ಬರು ಹಾಡು ಕಟ್ಟಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಬಿಡಬಹುದಾದ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಲು ಈ ಜಾತಿಯವರಿಗೆ ಬರುವುದಿಲ್ಲ. ಅದಕ್ಕಾಗಿ ಅವರು ಇಲ್ಲದ ಮನುಷ್ಯರನ್ನು ಹುಟ್ಟಿಸಬೇಕು, ಅವರಿಗೆ ಹಾರಲು ಕಲಿಸಬೇಕು, ಕಣ್ಣು ಬೆನ್ನುಗಳನ್ನು ಸವೆಸಿ ಅವರ ಬಾಯಿಂದ ಆ ಪ್ರಶ್ನೆಯನ್ನು ಮೊದಲು ಕೇಳಿಸಬೇಕು. ಆಮೇಲಷ್ಟೇ ತಾವು ಕೇಳಿಯಾರು. ಹೊರಗಿನ ನಾವು ಅದನ್ನು ಕಲೆ ಎನ್ನುತ್ತೇವೆ. ಮನೆಯವರು ತಡವಾಯಿತು ಎನ್ನುತ್ತಾರೆ. ಇಬ್ಬರು ಹೇಳುವುದೂ ನಿಜವೇ.