ಈಟಿಗೆ ಬಗ್ಗದ ಶಿವಪುತ್ರಪ್ಪ

ಮಧ್ಯಾಹ್ನ ಮೂರೂವರೆಗೆ ತೆರೆಯಿಂದ ಒಂದು ಈಟಿ ಹೊರಗೆ ಬಂತು. ಪುಣೆ ಕ್ಯಾಂಪಿನ ಆ ಥಿಯೇಟರಿನಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ತಲೆ ಬಗ್ಗಿಸಿದರು. ಶಿವಪುತ್ರಪ್ಪ ಬಗ್ಗಿಸಲಿಲ್ಲ.

ಅದು 1998ರ ಮೇ ತಿಂಗಳ ಒಂದು ರವಿವಾರ. ಮಕ್ಕಳ ರಜೆಗೆಂದು ಬಂದಿದ್ದ ತ್ರೀ-ಡಿ ಸಿನಿಮಾ. ಬಾಗಿಲಲ್ಲಿ ಎಲ್ಲರಿಗೂ ಬೂದು ಬಣ್ಣದ ಗಾಜಿನ ಕನ್ನಡಕ ಕೊಟ್ಟು, ಹೋಗುವಾಗ ವಾಪಸ್ ಕೊಡಬೇಕು ಎಂದು ತಾಕೀತು ಮಾಡಿದ್ದರು. ಈಟಿ ಬಂದಾಗ ಶಿವಪುತ್ರಪ್ಪನ ಹೆಂಡತಿ ಸಾವಿತ್ರಿಬಾಯಿ ಎಷ್ಟು ಬಗ್ಗಿದಳೆಂದರೆ, ಮುಡಿದ ಮಲ್ಲಿಗೆ ಮುಂದಿನ ಸೀಟಿನವರ ಹೆಗಲ ಮೇಲೆ ಬಿತ್ತು. ಅದನ್ನು ಎತ್ತಿಕೊಂಡು ತಲೆ ಎತ್ತಿದಾಗ ಪಕ್ಕದಲ್ಲಿ ಗಂಡ ಅಂಗಡಿಯ ಗಲ್ಲೆಯ ಮೇಲೆ ಕೂತ ಹಾಗೆ ಕೂತಿದ್ದ.

"ನೋಡಿದೇನು?" ಅಂದ. "ಅಲ್ಲಾಡಿಲ್ಲ."

ಸಾವಿತ್ರಿಬಾಯಿ ಮಲ್ಲಿಗೆಯನ್ನು ಮತ್ತೆ ಮುಡಿದುಕೊಂಡಳು. ಇಬ್ಬರ ನಡುವಿನ ಪಣ ಅವಳ ಕೈಬಿಟ್ಟು ಹೋಗುವಂತಿತ್ತು.

ಪಣ ಹುಟ್ಟಿದ್ದು ಸ್ಕೂಟರಿನಿಂದ. ಇಂಡಿ ಊರಿನಿಂದ ಬಂದು ಪುಣೆಯ ಕೊಂಢವಾದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದ ಶಿವಪುತ್ರಪ್ಪ, ಹೋದ ತಿಂಗಳು ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಹೊರಟವನು ರಸ್ತೆಯ ಎಡಕ್ಕೆ ನಿಂತಿದ್ದ ಮಾವಿನಹಣ್ಣಿನ ತಳ್ಳುಗಾಡಿಗೆ ಗುದ್ದಿದ್ದ. ಗಾಡಿಯೇ ಅಡ್ಡ ಬಂತು ಎಂದು ವಾದಿಸಿದ. ನಿಂತ ಗಾಡಿ ಹೇಗೆ ಬರುತ್ತದೆ ಎಂದು ಹಣ್ಣಿನವನು ಕೇಳಿದ. ಅಂದಿನಿಂದ ಸಾವಿತ್ರಿಬಾಯಿ ಸ್ಕೂಟರ್ ಹತ್ತಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಬಸ್ಸು.

"ಒಮ್ಮೆ ಕಣ್ಣು ತೋರಸ್ರಿ" ಎಂದು ದಿನಾ ಹೇಳುವಳು.

"ನನ್ನ ಕಣ್ಣಿಗೇನಾಗ್ಯದ? ಮೊಳಿ ನೋಡಿ ಎಷ್ಟು ಇಂಚು ಅಂತ ಹೇಳ್ತೀನಿ" ಎಂದು ಅವನು ಕಪ್ಪಿನಿಂದ ಬಶಿಗೆ ಚಹಾ ಬಗ್ಗಿಸಿಕೊಳ್ಳುವನು. ಚಹಾ ಬಶಿಯ ಹೊರಗೆ ಬೀಳುತ್ತಿತ್ತು. ಬಶಿ ಸಣ್ಣದು ಎಂದು ಬೈಯುವನು. ದೊಡ್ಡ ಬಶಿ ತಂದರೂ ಬಿತ್ತು.

ಕೊನೆಗೆ ಪೇಪರಿನಲ್ಲಿ ಸಿನಿಮಾದ ಜಾಹೀರಾತು ನೋಡಿ ತಾನೇ ಪಣ ಕಟ್ಟಿದ. "ಕಣ್ಣು ನೆಟ್ಟಗಿದ್ದವಗ ಖರೇದು ಯಾವ್ದು, ಸುಳ್ಳು ಯಾವ್ದು ಗೊತ್ತಾಗ್ತದ. ಅಲ್ಲೆ ಒಮ್ಮೆ ಬೆಚ್ಚಿಬಿದ್ರೂ ನೀ ಹೇಳಿದ ಡಾಕ್ಟರ್ ಕಡೆ ಬರ್ತೀನಿ. ಇಲ್ಲಂದ್ರ ನೀ ಸುಮ್ಮನ ಸ್ಕೂಟರ್ ಹತ್ತಬೇಕು. ಕಣ್ಣಿನ ಮಾತು ಮತ್ತ ತಗೀಬಾರದು."

ಸಾವಿತ್ರಿಬಾಯಿ ಕೂಡಲೇ ಒಪ್ಪಿದಳು. ಹೋದ ದೀಪಾವಳಿಯಲ್ಲಿ ಪಕ್ಕದ ಮನೆಯ ಪಟಾಕಿಗೆ ಬೆಚ್ಚಿ, ಕೈಯಲ್ಲಿದ್ದ ಚಕ್ಕುಲಿಯನ್ನು ಬೀಗರ ಮಡಿಲಿಗೆ ಎಸೆದ ಗಂಡ ಇವನು. ಗೆಲುವು ತನ್ನದೇ ಎಂದುಕೊಂಡಿದ್ದಳು.

ಮಧ್ಯಂತರದಲ್ಲಿ ಶಿವಪುತ್ರಪ್ಪ ಗೆದ್ದ ಪೈಲವಾನನಂತೆ ಸಮೋಸಾ ತರಲು ಹೋದ.

"ಹೆಂಗ ಬರ್ತದವಾ ಅದು ಮುಖದ ಮ್ಯಾಲ?" ಸಾವಿತ್ರಿಬಾಯಿ ಜೊತೆಗೆ ಬಂದಿದ್ದ ಮಗಳನ್ನು ಕೇಳಿದಳು. ನೀತಾ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು.

"ಹೆಬ್ಬಟ್ಟು ಮುಂದ ಹಿಡಿ ಅವ್ವಾ. ಒಂದು ಕಣ್ಣು ಮುಚ್ಚು. ಈಗ ಅದನ್ನ ತಗದು ಇನ್ನೊಂದು ಮುಚ್ಚು. ಹೆಬ್ಬಟ್ಟು ಜಿಗೀತಿಲ್ಲ?"

"ಅಯ್ಯ, ಹೌದಲ್ಲ!"

"ಎರಡೂ ಕಣ್ಣು ಸ್ವಲ್ಪ ಬ್ಯಾರೆ ಬ್ಯಾರೆ ನೋಡ್ತಾವ. ಮೆದುಳು ಎರಡೂ ಕೂಡಸಿ, ಆ ಫರಕಿನ ಮ್ಯಾಲ ಹತ್ರ ಯಾವ್ದು, ದೂರ ಯಾವ್ದು ಅಂತ ತಿಳ್ಕೋತದ. ಸಿನಿಮಾದವ್ರೂ ಎರಡು ಲೆನ್ಸಿನಿಂದ ಶೂಟಿಂಗ್ ಮಾಡ್ತಾರ. ಎರಡೂ ಚಿತ್ರ ಒಂದ ತೆರಿ ಮ್ಯಾಲ ಬೀಳ್ತಾವ. ಈ ಬೂದು ಗಾಜಿನ ಚಾಳೀಸು ಎಡದ್ದನ್ನ ಎಡಗಣ್ಣಿಗೆ, ಬಲದ್ದನ್ನ ಬಲಗಣ್ಣಿಗೆ ಅಷ್ಟ ಬಿಡ್ತದ. ಮುಂದಿಂದು ಮೆದುಳಿನ ಕೆಲಸ. ಈಟಿ ಎಲ್ಲೂ ಬರೂದಿಲ್ಲ, ತೆರಿ ಮ್ಯಾಲ ಇರ್ತದ."

"ಮತ್ತ ನಿಮ್ಮ ಪಪ್ಪಾನ ಮೆದುಳು?"

"ಅದು ಅಂಗಡಿಯಾಗ ಬಿಟ್ಟು ಬಂದಿರಬೇಕು" ಎಂದು ನೀತಾ ನಕ್ಕಳು.

ಮಧ್ಯಂತರ ಮುಗಿದು ಹಾವು ಬಂತು. ಹೆಡೆ ಎತ್ತಿ, ಸಾಲುಗಳ ಮೇಲೆ ತೇಲಿ, ನೇರ ಸಾವಿತ್ರಿಬಾಯಿಯ ಮೂಗಿನ ಹತ್ತಿರ ನಿಂತು ನಾಲಿಗೆ ಚಾಚಿತು. ಒಗ್ಗರಣೆಯ ಸಾಸಿವೆ ಸಿಡಿಯುವಾಗ ಅವಳಿಗೆ ಒಂದು ಕಣ್ಣು ಮುಚ್ಚಿಕೊಳ್ಳುವ ರೂಢಿ. ಈಗಲೂ ಮುಚ್ಚಿದಳು. ಹಾವು ಹಿಂದೆ ಸರಿದು, ಗೋಡೆಯ ಕ್ಯಾಲೆಂಡರಿನ ಚಿತ್ರದಂತೆ ತೆರೆಗೆ ಅಂಟಿಕೊಂಡಿತು. ಕಣ್ಣು ತೆರೆದಳು, ಮೂಗಿನ ಹತ್ತಿರ ಹಾವು. ಮುಚ್ಚಿದಳು, ಕ್ಯಾಲೆಂಡರ್. ಮಜಾ ಅನಿಸಿ ಇನ್ನೂ ನಾಲ್ಕು ಸಲ ಮಾಡಿದಳು.

ಆಮೇಲೆ ಆಟ ನಿಲ್ಲಿಸಿ ಗಂಡನ ಕಡೆ ತಿರುಗಿದಳು.

ಪಟಾಕಿಗೆ ಚಕ್ಕುಲಿ ಎಸೆದ ಮನುಷ್ಯ ಎರಡೂ ಕಣ್ಣು ತೆರೆದುಕೊಂಡು, ಹಾವಿನ ಎದುರು ಸಮೋಸಾ ತಿನ್ನುತ್ತಿದ್ದ. ಅವಳಿಗೆ ಎಡಕ್ಕೆ ನಿಂತಿದ್ದ ಹಣ್ಣಿನ ಗಾಡಿ ನೆನಪಾಯಿತು. ಬಶಿಯೂ ನೆನಪಾಯಿತು.

ಮೆಲ್ಲಗೆ ಕೈ ಚಾಚಿ ಅವನ ಕನ್ನಡಕದ ಎಡ ಗಾಜಿಗೆ ಅಂಗೈ ಅಡ್ಡ ಹಿಡಿದಳು. ಶಿವಪುತ್ರಪ್ಪ ಸಮೋಸಾ ಅಗಿಯುತ್ತಲೇ ಇದ್ದ. ಕೈ ಸರಿಸಿ ಬಲ ಗಾಜಿಗೆ ಹಿಡಿದಳು.

"ಏ! ಮಷಿನ್ ಕೆಟ್ಟಿತು!" ಶಿವಪುತ್ರಪ್ಪ ಎದ್ದೇ ನಿಂತ. "ಬರೇ ಹೊಗಿ ಕಾಣ್ತದ! ಓ ಭಾವೂ, ಫೋಕಸ್ ಕರಾ!" ಎಂದು ಮಷಿನ್ ನಡೆಸುವವನಿಗೆ ಮರಾಠಿಯಲ್ಲಿ ಕೂಗಿದ.

ಹಿಂದಿನ ಸಾಲು ಗೊಳ್ಳೆಂದಿತು. "ಬಸಾ ಹೋ ಕಾಕಾ" ಎಂದು ಯಾರೋ ಕೂಡಿಸಿದರು. ಸಾವಿತ್ರಿಬಾಯಿ ಕೈ ತೆಗೆದಳು.

"ಈಗ?"

"ಹಾಂ, ಈಗ ಸರಿ ಆತು. ಕೂಗಿದ್ರನ ಮಾಡ್ತಾರ ನೋಡು ಈ ಮಂದಿ."

ನೀತಾ ನಗು ತಡೆಯಲು ಓಢಣಿಯನ್ನು ಬಾಯಿಗೆ ತುರುಕಿಕೊಂಡಳು. ಸಾವಿತ್ರಿಬಾಯಿಗೆ ನಗು ಬರಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಸ್ಕೂಟರ್ ಸ್ಟ್ಯಾಂಡಿನಲ್ಲಿ ಶಿವಪುತ್ರಪ್ಪ ಸೀಟು ಒರೆಸಿ, "ಹತ್ತು" ಅಂದ.

"ನೀವು ಗೆದ್ರಿ, ಹೌದ್ರಿ. ಹತ್ತೀನಿ" ಅಂದಳು ಸಾವಿತ್ರಿಬಾಯಿ. "ಆದ್ರ ಗೆದ್ದದ್ದಕ್ಕನ ಡಾಕ್ಟರ್ ಕಡೆ ಹೋಗಬೇಕು."

"ಸೋತವ್ರು ಹೋಗಬೇಕಂತ ಮಾತಾಗಿತ್ತು! ಗೆದ್ದವ್ರನ್ನ ದವಾಖಾನಿಗೆ ಒಯ್ಯೂದು ಯಾವ ನ್ಯಾಯ?"

"ಎರಡೂ ಕಣ್ಣು ಇದ್ದವ್ರೆಲ್ಲಾ ಬಗ್ಗಿದ್ರು. ನೀವೊಬ್ರ ಬಗ್ಗಲಿಲ್ಲ. ಫೋಕಸ್ ಹೋಗಿದ್ದಿಲ್ರಿ, ನಾ ಕೈ ಅಡ್ಡ ಹಿಡಿದಿದ್ದೆ. ಬಲಗಣ್ಣು ಮುಚ್ಚಿ ನನ್ನ ನೋಡ್ರಿ ಒಮ್ಮೆ."

"ಮುಚ್ತೀನಿ, ಅದರಾಗೇನದ" ಎಂದು ಶಿವಪುತ್ರಪ್ಪ ಬಲಗಣ್ಣಿಗೆ ತಾನೇ ಕೈ ಹಿಡಿದ. ಎದುರು ನಿಂತ ಹೆಂಡತಿಯನ್ನು ನೋಡಿದ. ಮಗಳನ್ನು ನೋಡಿದ. ಮತ್ತೆ ಹೆಂಡತಿಯನ್ನು ನೋಡಿದ. ಸ್ಟ್ಯಾಂಡಿನವನು ಚೀಟಿ ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

"ಸಾವಿತ್ರಿ, ನೀ ಮಲ್ಲಿಗಿ ಮುಡಿದೀಯೋ ಇಲ್ಲೋ?" ಅಂದ, ದನಿ ಇಳಿಸಿ.

"ಮುಡಿದೀನ್ರಿ."

ಅವನು ಕೈ ಇಳಿಸಿದ. ಸ್ಕೂಟರನ್ನು ಮತ್ತೆ ಸ್ಟ್ಯಾಂಡಿಗೆ ಹಾಕಿ, ಬೀಗ ಹಾಕಿ, ಕೀಲಿಯನ್ನು ಹೆಂಡತಿಯ ಕೈಯಲ್ಲಿಟ್ಟ. "ಆದ್ರೂ ಗೆದ್ದಾವ ನಾನ. ಅದನ್ನ ಮರೀಬ್ಯಾಡ" ಅಂದ. ಮೂವರೂ ರಿಕ್ಷಾದಲ್ಲಿ ಮನೆಗೆ ಹೋದರು.

ಎಡಗಣ್ಣಿಗೆ ಪೊರೆ ಬಂದು ಬಲಿತಿದೆ ಎಂದು ಡಾಕ್ಟರು ಹೇಳಿದರು. ಜೂನ್ ತಿಂಗಳಲ್ಲಿ ಅದನ್ನು ತೆಗೆದರು. ಜುಲೈನಲ್ಲಿ ಸಿನಿಮಾ ಇನ್ನೂ ಓಡುತ್ತಿತ್ತು; ಗಂಡ ಹೆಂಡತಿ ಮತ್ತೆ ಹೋದರು. ಈಟಿ ಬಂದಾಗ ಶಿವಪುತ್ರಪ್ಪ ಬಗ್ಗಿದ ರಭಸಕ್ಕೆ ಹಣೆ ಮುಂದಿನ ಸೀಟಿಗೆ ಬಡಿದು ಬುಗುಟೆ ಎದ್ದಿತು. ಮರಳಿ ಬರುವಾಗ ಸಾವಿತ್ರಿಬಾಯಿ ಸ್ಕೂಟರಿನ ಹಿಂದೆ ಕೂತಳು.