ಕಲ್ಲಮ್ಮನ ಬೆರಳು

ಮೊದಲ ಸ್ಕ್ರೂ ಬಿಚ್ಚುವಷ್ಟರಲ್ಲೇ ಶಾಂತರಾಜು ಹೆಂಡತಿಗೆ ಎರಡು ಸಲ ಗದರಿದ್ದ.

"ಅಂಗೆ ಒತ್ತಬ್ಯಾಡ ಕಣಮ್ಮಿ, ಸ್ಕ್ರೂ ತಲೆ ಸವದೋಯ್ತದೆ."

"ಒತ್ತು ಅಂದೋರೂ ನೀವೇ, ಬ್ಯಾಡ ಅನ್ನೋರೂ ನೀವೇ," ಎಂದಳು ಕಲ್ಲಮ್ಮ. ಆದರೂ ಬೆರಳು ಸಡಿಲ ಬಿಟ್ಟಳು.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹಿಂದಿನ ಈ ಅಂಗಡಿಯಲ್ಲಿ ಶಾಂತರಾಜು ಮೂವತ್ತೆಂಟು ವರ್ಷ ವಾಚು, ಕ್ಯಾಮೆರಾ ರಿಪೇರಿ ಮಾಡಿದ್ದ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಬೀಗ ತೆಗೆದಿರಲಿಲ್ಲ. ಸಾಮಾನನ್ನೆಲ್ಲ ಶಿಷ್ಯ ಸಿದ್ದೇಶನಿಗೆ ಕೊಟ್ಟುಬಿಡುವುದೆಂದು ಮಾತಾಗಿತ್ತು. ಅದನ್ನು ಕಟ್ಟಿಡಲೆಂದು ಗಂಡ ಹೆಂಡತಿ ಬಂದಿದ್ದಾಗಲೇ, ಅಂಗಡಿ ತೆರೆದಿದೆ ಎಂದುಕೊಂಡು ದಂಡಿಗನಹಳ್ಳಿಯ ಬಿಂದುಶ್ರೀ ಒಳಗೆ ಬಂದಿದ್ದಳು. ಮದುವೆ ಫೋಟೊ ತೆಗೆಯುವ ಹುಡುಗಿ. ಕೈಯಲ್ಲಿ ಹಳೇ ರೀಲಿನ ಕ್ಯಾಮೆರಾ.

"ರೀಲು ಎಳೆಯೋ ಲಿವರ್ರು ಅರ್ಧಕ್ಕೇ ಸಿಕ್ಕಾಕೊಳ್ತದೆ ಸಾ. ಎಲ್ರೂ ಶೋಕೇಸ್‌ನಾಗೆ ಇಡು ಅಂತಾರೆ. ನಂಗೆ ಇದ್ರಾಗೆ ಫೋಟೊ ತೆಗೀಬೇಕು."

"ನನ್ ಕೈಲಾಗಕಿಲ್ಲ ಕಣವ್ವ," ಎಂದಿದ್ದ ಶಾಂತರಾಜು. ಹಾಗೆನ್ನುತ್ತಲೇ ಎಡಗೈ ಹೆಬ್ಬೆರಳಲ್ಲಿ ಲಿವರನ್ನು ಎರಡು ಸಲ ಎಳೆದು ನೋಡಿದ್ದನ್ನು ಕಲ್ಲಮ್ಮ ಗಮನಿಸಿದ್ದಳು. ವರ್ಷದಿಂದ ಅವನ ಮುಖದಲ್ಲಿ ಅಂಥ ಆಸೆ ಅವಳು ಕಂಡಿರಲಿಲ್ಲ.

"ನಿಮ್ ಕೈಲಾಗದಿದ್ರೆ ನನ್ ಕೈಯಾಗೆ ಮಾಡ್ಸಿ," ಎಂದು ಕುರ್ಚಿ ಎಳೆದುಕೊಂಡು ಕೂತಿದ್ದಳು.

ಮೇಲಿನ ತಗಡು ಎದ್ದಿತು. ಒಳಗೆ ಸಾಸಿವೆ ಕಾಳಿನಷ್ಟೇ ಸಣ್ಣ ಹಲ್ಲುಗಳ ಚಕ್ರಗಳು. ಅವನು ಹೇಳಿದಂತೆ ಬ್ರಶ್ಶನ್ನು ಪೆಟ್ರೋಲಿನಲ್ಲಿ ಅದ್ದಿ ಗಟ್ಟಿಯಾದ ಗ್ರೀಸು ತೊಳೆದಳು. ಲಿವರ್ ಎಳೆದರೆ ಮತ್ತೆ ಅರ್ಧಕ್ಕೇ ನಿಂತಿತು.

ಶಾಂತರಾಜು ಹಿಂದಕ್ಕೆ ಒರಗಿದ. "ಸ್ಪ್ರಿಂಗು ಓಗ್ಬುಟ್ಟದೆ. ಅದು ಈಗ ಎಲ್ಲೂ ಸಿಕ್ಕಕಿಲ್ಲ. ಮುಚ್ಚು."

ಕಲ್ಲಮ್ಮ ಮುಚ್ಚಲಿಲ್ಲ. ಕಣ್ಣು ಮುಚ್ಚಿ ಲಿವರನ್ನು ಮೆಲ್ಲಗೆ ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಕನಕಾಂಬರ ಕಟ್ಟಿ ಕಟ್ಟಿ ಪಳಗಿದ ಬೆರಳು ಅವು. ನಾರು ಎಲ್ಲಿ ತಡೆಯಿತೆಂದು ನೋಡದೆಯೇ ತಿಳಿಯುತ್ತಿತ್ತು.

"ಸ್ಪ್ರಿಂಗಲ್ಲ ಕಣ್ರೀ. ಎಲ್ಲೆಲ್ಲೋ ಹಿಡೀತಿಲ್ಲ, ಪ್ರತಿ ಸಲ ಅದೇ ಜಾಗದಾಗೆ ಹಿಡೀತದೆ. ಏನೋ ಕಚ್ಕೊಂಡದೆ."

ಅವನು ಸರ್ರನೆ ಮುಂದಕ್ಕೆ ಬಾಗಿದ. ಎಡಗೈಯಲ್ಲಿ ಭೂತಗನ್ನಡಿ ಹಿಡಿದ. ಎರಡನೆಯ ಚಕ್ರದ ಅಡಿಯಲ್ಲಿ, ಹಲ್ಲುಗಳ ನಡುವೆ, ಎಂದೋ ಹರಿದ ರೀಲಿನ ಚೂರೊಂದು ಕಂದು ಬಣ್ಣಕ್ಕೆ ಮಿನುಗಿತು.

"ಚಿಮಟ," ಎಂದ.

ಉಸಿರು ಬಿಗಿಹಿಡಿದು ಅವಳು ಚೂರನ್ನು ಎಳೆದು ತೆಗೆದಳು. ಅವನು ತೋರಿಸಿದ ಕಡೆ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿದಳು. ಲಿವರ್ ಎಳೆದಳು. ಅದು ಕರಕರನೆ ಕೊನೆಯವರೆಗೂ ಹೋಗಿ, ಬೆರಳು ಬಿಟ್ಟೊಡನೆ ಟಪ್ಪನೆ ಹಿಂದಕ್ಕೆ ಬಂತು.

ಬಿಂದುಶ್ರೀ ಚಪ್ಪಾಳೆ ತಟ್ಟಿದಳು. ಶಾಂತರಾಜು ಇನ್ನೊಮ್ಮೆ ಎಳೆಸಿದ, ಮತ್ತೊಮ್ಮೆ ಎಳೆಸಿದ, ಗಟ್ಟಿಯಾಗಿ ನಕ್ಕುಬಿಟ್ಟ.

"ನಾ ಸ್ಪ್ರಿಂಗು ಅಂದೆ, ನೀನು ಅಲ್ಲ ಅಂದೆ. ನೀನೇ ಸರಿ ಕಣಮ್ಮಿ!"

ನಗು ನಿಲ್ಲುವ ಮೊದಲೇ ಫೋನ್ ತೆಗೆದ. "ಸಿದ್ದೇಶ, ಬರಬ್ಯಾಡ ಕಣ್ಲಾ. ಸಾಮಾನು ನಮಗೇ ಬೇಕು. ಊಂ, ನಮಗೇ."

ಅರ್ಧಕ್ಕಷ್ಟೇ ಎತ್ತಿದ್ದ ಅಂಗಡಿಯ ಶಟರನ್ನು ಕಲ್ಲಮ್ಮ ಎದ್ದು ಹೋಗಿ ಎರಡೂ ಕೈಯಿಂದ ಮೇಲಕ್ಕೆ ತಳ್ಳಿದಳು. ಬಸ್ಸಿನ ಹಾರನ್ನಿನ ಜೊತೆಗೇ ಹನ್ನೊಂದು ಗಂಟೆಯ ಬಿಸಿಲು ಮೇಜಿನ ತನಕ ಬಂತು.