ಏಣಿ ಹಿಡಿದವಳ ಹೆದರಿಕೆ

ಕೊಳತ್ತೂರಿನ ಚಿನ್ನರಾಜ್ ಏರ್ಕಾಡ್ ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಎರಡು ವರ್ಷ ತುಂಬಲು ಹತ್ತೊಂಬತ್ತೇ ದಿನ ಬಾಕಿ ಇತ್ತು. ಅವನ ಬಲ ಮಂಡಿ ಈಗ ಮಡಚುವುದಿಲ್ಲ. ಬಸ್ಸು ಹತ್ತಲೂ ಹೆಂಡತಿ ಮಾದಮ್ಮನ ಭುಜ ಬೇಕು.

ಅವತ್ತು ಬೆಳಿಗ್ಗೆ ಶಶಿಕಲಾ ಮನೆಗೆ ಬಂದಳು. ಮಹಿಳಾ ಸಂಘ ನಡೆಸುವವಳು, ಊರಿನವರಿಗೆ ಅರ್ಜಿ ಬರೆದುಕೊಡುವವಳು.

“ಅಕ್ಕಾ, ಈ ವಾರಾನೇ ಸೇಲಂ ಲೇಬರ್ ಆಫೀಸಿಗೆ ಓಗಾನ. ಎರಡು ವರ್ಷ ಕಳುದ್ರೆ, ಯಾಕೆ ತಡ ಆಯ್ತು ಅಂತ ಕಾರಣ ಯೋಳ್ಬೇಕು. ಅವ್ರು ಒಪ್ಪದಿದ್ರೆ ಪರಿಹಾರ ಓಯ್ತು.”

ಮಾದಮ್ಮ ಮೊರದಲ್ಲಿ ಹುರುಳಿ ಕೇರುತ್ತಲೇ ಇದ್ದಳು. “ಬ್ಯಾಡ ಶಶಿ. ನಾವು ಅಲ್ಲಿಗೆ ಓದ್ರೆ ಮೇಸ್ತ್ರಿ ನಮ್ಮ ಬೀದಿಯವ್ರನ್ನ ಇನ್ನು ಕೆಲ್ಸಕ್ಕೇ ಕರಿಯಾಕಿಲ್ಲ.”

“ನಾನು ಓಯ್ತೀನಿ ಅಂತೀನಿ. ಇವ್ಳೇ ಬಿಡಾಕಿಲ್ಲ,” ಅಂದ ಚಿನ್ನರಾಜ್.

ವಿಚಿತ್ರವೆಂದರೆ, ಈ ಮಾದಮ್ಮ ಊರಲ್ಲಿ ಯಾರಿಗೂ ಸೊಪ್ಪು ಹಾಕುವವಳಲ್ಲ. ಕೂಲಿ ಕಮ್ಮಿಯಾದಾಗ, ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ನಾಗರಾಜನ್‌ಗೆ ನಡುಬೀದಿಯಲ್ಲೇ ಮಂಗಳಾರತಿ ಎತ್ತಿದವಳು. ಅಂಥವಳು ಲೇಬರ್ ಆಫೀಸ್ ಅಂದರೆ ಸಾಕು, ಬಿಳಿಚಿಕೊಳ್ಳುತ್ತಿದ್ದಳು.

“ಅಲ್ಲಿ ಏನು ಕೇಳ್ತಾರೆ ಅಕ್ಕಾ? ಎಲ್ಲಿ ಬಿದ್ರು, ಯಾವತ್ತು ಬಿದ್ರು, ಪಕ್ಕದಲ್ಲಿ ಯಾರಿದ್ರು. ಅಷ್ಟೇ.”

ಮೊರ ನಿಂತಿತು. “ಏಣಿ ಯಾರು ಇಡ್ದಿದ್ರು ಅಂತಾನೂ ಕೇಳ್ತಾರಾ?”

“ಕೇಳ್ಬೋದು.”

“ಅಂಗಾದ್ರೆ ನಂಗೆ ಜೈಲೇ ಗತಿ.”

ಎರಡು ವರ್ಷದಿಂದ ಗಂಡನಿಗೂ ಹೇಳದ ಮಾತು ಆಗ ಹೊರಬಂತು. ಅವನು ಏಣಿಯ ಮೇಲಿದ್ದಾಗ, ಕೆಳಗೆ ಏಣಿ ಹಿಡಿದು ನಿಂತಿದ್ದ ಅವಳ ಕತ್ತಿಗೆ ಕೆಂಪಿರುವೆ ಕಚ್ಚಿದ್ದವು. ಒದರಿಕೊಳ್ಳಲು ಎರಡೂ ಕೈ ಬಿಟ್ಟಿದ್ದಳು. ಏಣಿ ಜಾರಿತ್ತು. ಅವಳು ಅದನ್ನು ಮೇಸ್ತ್ರಿಯ ಹತ್ತಿರ ಹೇಳಿಕೊಂಡು ಅತ್ತಾಗ ಅವನು, “ಆಫೀಸಿಗೆ ಓದ್ರೆ ಮೊದ್ಲು ನಿನ್ನನ್ನೇ ಇಡೀತಾರೆ,” ಅಂದಿದ್ದ. ಅಲ್ಲಿಂದ ಬೀದಿಯಲ್ಲಿ ಜೀಪಿನ ಸದ್ದಾದರೂ ಪೊಲೀಸರೇ ಬಂದರು ಅಂತ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಚಿನ್ನರಾಜ್ ಮಡಚದ ಮಂಡಿಯನ್ನು ಕೈಯಿಂದ ಸವರಿದ. ಮಾದಮ್ಮನಿಗೆ ಅವನ ಮುಖ ನೋಡಲೂ ಭಯ.

“ಮೇಲೆ ನಂಗೂ ಕಚ್ತಿದ್ವು ಕಣೇ ಮಾದಿ,” ಅಂದ. “ನಾನೂ ಒಂದು ಕೈ ಬಿಟ್ಟಿದ್ದೆ.”

ಮಾದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಶಶಿಕಲಾಗೆ ಮೇಸ್ತ್ರಿಯ ಮೇಲೆ ಕೆಟ್ಟ ಸಿಟ್ಟು ಬಂತು. “ಅವನ ತಲೆ. ಯಾರ ತಪ್ಪು ಅಂತ ನೋಡಿ ಕೊಡೋ ಪರಿಹಾರ ಅಲ್ಲ ಇದು. ಕುಡ್ದು ಬಿದ್ದಿದ್ರೆ ಬ್ಯಾರೆ ಮಾತು. ಕೆಲ್ಸ ಮಾಡ್ತಾ, ಕೆಲ್ಸದಿಂದ ಏಟಾಯ್ತಾ ಅಂತ ನೋಡ್ತಾರೆ. ಇರುವೆ ಕಚ್ಚಿ ಕೈ ಬಿಟ್ಟಿದ್ದಕ್ಕೆ ಜೈಲಾ? ಅಣ್ಣ ತೋಟದಲ್ಲಿ ಬಿದ್ದಿದ್ದನ್ನ ಕಣ್ಣಾರೆ ಕಂಡವ್ರು ನೀವೊಬ್ರೇ ಅಕ್ಕಾ. ನೀವು ಬಾಯಿ ಬಿಡದಿದ್ರೆ, ತೋಟದವ್ರು ಮನೇಲಿ ಬಿದ್ದ ಅಂತಾರೆ.”

ಅದೇ ದಿನ ತೋಟದ ಮ್ಯಾನೇಜರಿಗೆ, ಇಂಥ ದಿನ ಇಂಥ ಕಡೆ ಬಿದ್ದಿದ್ದು ಎಂದು ಬರೆದು ರಿಜಿಸ್ಟರ್ ಪೋಸ್ಟ್ ಕಳಿಸಿದರು. ಆಸ್ಪತ್ರೆಯ ಚೀಟಿ, ಕಾಲಿನ ಬಗ್ಗೆ ಡಾಕ್ಟರ್ ಕೊಟ್ಟ ಸರ್ಟಿಫಿಕೇಟ್, ಆಧಾರ್ ಎಲ್ಲ ಜೋಡಿಸಿಕೊಂಡು, ಅದಾಗಿ ನಾಲ್ಕು ದಿನಕ್ಕೆ ಸೇಲಂ ಬಸ್ಸು ಹತ್ತಿದರು. ಮೇಟ್ಟೂರು ದಾಟುವವರೆಗೂ ಮಾದಮ್ಮ ಇಳಿದುಬಿಡೋಣ ಅನ್ನುತ್ತಲೇ ಇದ್ದಳು.

ಆಫೀಸಿನಲ್ಲಿ ಅರ್ಜಿ ನೋಡಿದ ಹೆಂಗಸು ತಮಿಳಿನಲ್ಲಿ, ಬಿದ್ದಾಗ ಜೊತೆಯಲ್ಲಿ ಯಾರಿದ್ದರು ಎಂದು ಕೇಳಿದಳು. ಮಾದಮ್ಮ ಗಂಡನ ತೋಳು ಹಿಡಿದುಕೊಂಡಳು.

“ನಾನ್‌ದಾನ್ ಮೇಡಂ. ಏಣಿ ಇಡ್ಕೊಂಡಿದ್ದೋಳು ನಾನೇ.”

ಆ ಹೆಂಗಸು ತಲೆಯೆತ್ತಲೂ ಇಲ್ಲ. ಸಾಕ್ಷಿ ಎಂಬ ಜಾಗದಲ್ಲಿ ಮಾದಮ್ಮನ ಹೆಸರು ಬರೆದು, ತಾರೀಖಿನ ಸೀಲು ಒತ್ತಿ, ರಸೀದಿ ಕೊಟ್ಟಳು. ಎರಡು ವರ್ಷಕ್ಕೆ ಇನ್ನೂ ಹದಿನೈದು ದಿನ ಇತ್ತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಕೆಲಸದ ಜಾಗದಲ್ಲಿ ಏಟು ತಿಂದವರು ಇದ್ದಾರಾ? ಮಾಲೀಕರಿಗೆ ಕೂಡಲೇ ಬರೆದು ತಿಳಿಸಿ. ಆಸ್ಪತ್ರೆಯಲ್ಲಿ ಎಲ್ಲಿ ಏಟಾಯಿತೋ ಅದನ್ನೇ ಬರೆಸಿ. ಎರಡು ವರ್ಷದೊಳಗೆ ಅರ್ಜಿ ಹಾಕಿ. ದಿನ ಮೀರಿದ್ದರೂ ಒಮ್ಮೆ ಹೋಗಿ ಕೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟಿನ ಉಚಿತ ಕಾನೂನು ಸಹಾಯ ಕೇಳಿ. ಭಯ ಹೋದ ಮೇಲೆ ನೋಡೋಣ ಎಂದು ಕೂತರೆ ದಿನ ಹೋಗುತ್ತದೆ, ಭಯ ಹೋಗುವುದಿಲ್ಲ. ಹೆದರಿಕೊಂಡೇ ಹೋಗಿ.